ಎಸ್ಸೆಸ್ಸೆಲ್ಸಿ ಗಣಿತಕ್ಕೆ ಮನೆಪಾಠ: ಒಂದೇ ಮಗುವನ್ನು ಕೂರಿಸಿಕೊಂಡಾಗ ಏನು ಮಾಡಬೇಕು, ಏನು ಬಿಡಬೇಕು

ಪಕ್ಕದ ಮನೆಯವರು ಬಂದು "ನಮ್ಮ ಹುಡುಗ ಹತ್ತನೇ ಕ್ಲಾಸು, ಗಣಿತ ತಲೆಗೇ ಹತ್ತುತ್ತಿಲ್ಲ, ವಾರಕ್ಕೆ ಮೂರು ದಿನ ಸ್ವಲ್ಪ ಹೇಳಿಕೊಡ್ತೀರಾ?" ಅಂತ ಕೇಳುತ್ತಾರೆ. ನೀವು ಬಿ.ಎಸ್ಸಿ. ಓದುತ್ತಿರಬಹುದು, ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರಬಹುದು, ನಿವೃತ್ತ ಮೇಷ್ಟ್ರಿರಬಹುದು, ಅಕ್ಕನ ಮಗಳಿಗೆ ವಿಡಿಯೊ ಕಾಲ್‌ನಲ್ಲಿ ಹೇಳಿಕೊಡಲು ಹೊರಟ ಸೋದರಮಾವನೂ ಇರಬಹುದು. ಆಯ್ತು ಅನ್ನುತ್ತೀರಿ. ಮೊದಲ ದಿನ ಹುಡುಗ ಬರುತ್ತಾನೆ. ನೀವು ಪುಸ್ತಕದ ಮೊದಲ ಪಾಠ ತೆಗೆದು ವಿವರಿಸಲು ಶುರು ಮಾಡುತ್ತೀರಿ. ಅವನು ತಲೆಯಾಡಿಸುತ್ತಾನೆ.

ಎಡವುವುದು ಅಲ್ಲೇ. ಶಾಲೆಯಲ್ಲಿ ಐವತ್ತು ಮಕ್ಕಳಿಗೆ ನಡೆದ ಪಾಠ ನಿಮ್ಮ ಮನೆಯಲ್ಲಿ ಒಬ್ಬನಿಗೆ ಇನ್ನೊಮ್ಮೆ ನಡೆಯುತ್ತದೆ, ಅಷ್ಟೇ. ಒಬ್ಬನನ್ನೇ ಕೂರಿಸಿಕೊಂಡರೆ ಸಿಗುವ ಲಾಭ ಒಂದೇ: ಅವನ ಪೆನ್ನು ಯಾವ ಸಾಲಿನಲ್ಲಿ ನಿಲ್ಲುತ್ತದೆ, ಯಾವ ಸಾಲಿನಲ್ಲಿ ದಾರಿ ತಪ್ಪುತ್ತದೆ ಅನ್ನುವುದು ನಿಮಗೆ ಕಾಣುತ್ತದೆ. ಶಾಲೆಯ ಮೇಷ್ಟ್ರಿಗೆ ಎಷ್ಟೇ ಮನಸ್ಸಿದ್ದರೂ ಅಷ್ಟು ಹತ್ತಿರದಿಂದ ನೋಡಲು ಸಮಯ ಸಿಗುವುದಿಲ್ಲ. ಹಾಗಾಗಿ ನೀವು ಮಾತಾಡುವುದು ಕಡಿಮೆ ಇರಲಿ, ಅವನು ಬರೆಯುವುದು ಜಾಸ್ತಿ ಇರಲಿ. ಕೆಳಗೆ ಬರೆದಿರುವುದೆಲ್ಲ ಇದನ್ನು ಮಾಡುವ ಬಗೆಯೇ.

ಶುರು ಮಾಡುವ ಮೊದಲು ಒಂದು ವಿಷಯ. ಶಾಲೆಯಲ್ಲಿ ಕೆಲಸದಲ್ಲಿರುವ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ಮಗುವಿನ ಕ್ಲಾಸ್ ಟೀಚರ್ ಅನ್ನೇ ಟ್ಯೂಷನ್‌ಗೆ ಕೇಳಿ ಮುಜುಗರ ಮಾಡಬೇಡಿ ಅಂತ ಪೋಷಕರಿಗೂ ಹೇಳಿ.

1. ಮಾರ್ಕ್ಸ್ ಕಾರ್ಡ್ ಬೇಡ, ಉತ್ತರಪತ್ರಿಕೆ ತರಿಸಿ

"ಅರ್ಧವಾರ್ಷಿಕದಲ್ಲಿ 80ಕ್ಕೆ 27 ಬಂದಿದೆ" ಅಂದರೆ ನಿಮಗೆ ಏನೂ ತಿಳಿಯುವುದಿಲ್ಲ. ಆ 27 ಎಲ್ಲಿಂದ ಬಂತು, ಉಳಿದ 53 ಎಲ್ಲಿ ಹೋಯಿತು ಅನ್ನುವುದು ಉತ್ತರಪತ್ರಿಕೆಯಲ್ಲಿದೆ. ಶಾಲೆಯವರು ಮನೆಗೆ ಕೊಡದಿದ್ದರೆ ಅಪ್ಪನೋ ಅಮ್ಮನೋ ಹೋಗಿ ಕೇಳಿ ಫೋನಿನಲ್ಲಿ ಫೋಟೊ ತೆಗೆದುಕೊಂಡು ಬರಲಿ. ಜೊತೆಗೆ ಗಣಿತದ ನೋಟ್ಸ್ ಮತ್ತು ರಫ್ ನೋಟ್‌ಬುಕ್ ಕೂಡ ಬೇಕು. ನೋಟ್ಸ್‌ನಲ್ಲಿ ಬೋರ್ಡ್ ನೋಡಿ ಬರೆದದ್ದಿರುತ್ತದೆ. ಮಗು ತಾನಾಗಿ ಮಾಡಿದ್ದು ರಫ್ ಪುಸ್ತಕದಲ್ಲಿರುತ್ತದೆ.

ಉತ್ತರಪತ್ರಿಕೆಯನ್ನು ಮಗು ಎದುರಿಗಿಲ್ಲದಾಗ, ನಿಧಾನವಾಗಿ ಓದಿ. ಹೋದ ಅಂಕಗಳು ಹೆಚ್ಚುಕಡಿಮೆ ನಾಲ್ಕು ಬಗೆಯವು.

ಮೊದಲನೆಯದು, ಖಾಲಿ ಬಿಟ್ಟದ್ದು. ಪಾಠವೇ ಗೊತ್ತಿಲ್ಲ, ಇಲ್ಲವೇ ಪ್ರಶ್ನೆ ಅರ್ಥವಾಗಿಲ್ಲ, ಇಲ್ಲವೇ ಸಮಯ ಸಾಕಾಗಿಲ್ಲ. ಕೊನೆಯ ಪುಟಗಳೆಲ್ಲ ಖಾಲಿ ಇದ್ದು ಮೊದಲ ಪುಟಗಳು ಚೆನ್ನಾಗಿದ್ದರೆ ಅದು ಸಮಯದ ಸಮಸ್ಯೆ.

ಎರಡನೆಯದು, ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ್ದು. ಇದು ನಿಮಗೆ ಸಿಗುವ ಅತ್ಯಂತ ಒಳ್ಳೆಯ ಸುಳಿವು. ಸೂತ್ರ ಬರೆದು ನಿಲ್ಲಿಸಿದ್ದರೆ ಬೆಲೆ ಹಾಕಲು ಬರುವುದಿಲ್ಲ. ಬೆಲೆ ಹಾಕಿ ನಿಲ್ಲಿಸಿದ್ದರೆ ಭಿನ್ನರಾಶಿಯೋ ವರ್ಗಮೂಲವೋ ಹೆದರಿಸಿದೆ.

ಮೂರನೆಯದು, ಪೂರ್ತಿ ಮಾಡಿದ್ದು, ಆದರೆ ತಪ್ಪು. ನಾಲ್ಕನೆಯದು, ಲೆಕ್ಕ ಸರಿ ಇದ್ದೂ ಅಂಕ ಹೋದದ್ದು: ಏಕಮಾನ ಬರೆದಿಲ್ಲ, ನಕ್ಷೆಗೆ ಪ್ರಮಾಣ ಬರೆದಿಲ್ಲ, ಪ್ರಮೇಯಕ್ಕೆ ಚಿತ್ರ ಬಿಡಿಸಿಲ್ಲ, ಬಹು ಆಯ್ಕೆ ಪ್ರಶ್ನೆಗೆ ಬರೀ ಕ್ರಮಾಕ್ಷರ ಬರೆದು ಉತ್ತರ ಬಿಟ್ಟಿದ್ದಾನೆ. ಪ್ರಶ್ನೆಪತ್ರಿಕೆಯಲ್ಲೇ "ಕ್ರಮಾಕ್ಷರದೊಂದಿಗೆ ಪೂರ್ಣ ಉತ್ತರ ಬರೆಯಿರಿ" ಅಂತ ಇರುತ್ತದೆ, ಓದುವವರು ಕಡಿಮೆ.

ನಾಲ್ಕು ಬಗೆಗೂ ಅಂದಾಜು ಎಷ್ಟೆಷ್ಟು ಅಂಕ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾಲ್ಕನೇ ಬಗೆಯಲ್ಲೇ ಏಳೆಂಟು ಅಂಕ ಹೋಗಿದ್ದರೆ ಅದನ್ನು ಒಂದು ತಿಂಗಳೊಳಗೆ ವಾಪಸ್ ತರಬಹುದು. ಆ ಗೆಲುವಿನಿಂದ ಮಗುವಿಗೂ ಧೈರ್ಯ ಬರುತ್ತದೆ.

2. ಮೊದಲ ದಿನ ಪಾಠ ಮಾಡಬೇಡಿ

ಮೊದಲ ದಿನ ಆರರಿಂದ ಒಂಬತ್ತನೇ ತರಗತಿವರೆಗಿನ ಸಣ್ಣ ಲೆಕ್ಕಗಳನ್ನು ಕೊಡಿ. ಹತ್ತು ಹನ್ನೆರಡು ಸಾಕು. ಋಣಸಂಖ್ಯೆಗಳ ಗುಣಾಕಾರ, ಭಿನ್ನರಾಶಿ ಕೂಡುವುದು, ದಶಮಾಂಶದ ಭಾಗಾಕಾರ, ಆವರಣ ಬಿಡಿಸುವುದು, ಒಂದು ಸರಳ ಸಮೀಕರಣ, ಆಯತದ ವಿಸ್ತೀರ್ಣ, ಶೇಕಡ. "ಇದು ಪರೀಕ್ಷೆಯಲ್ಲ, ನೀನು ಹೇಗೆ ಮಾಡ್ತೀಯ ಅಂತ ನನಗೆ ಗೊತ್ತಾಗಬೇಕು, ಅಷ್ಟೇ" ಅಂತ ಹೇಳಿ. ಮಾಡುತ್ತ ಮಾಡುತ್ತ ಜೋರಾಗಿ ಹೇಳಿಕೊಳ್ಳಲಿ. ನೀವು ಬಾಯಿ ಬಿಡಬೇಡಿ. ಇದು ಕೇಳಿದಷ್ಟು ಸುಲಭವಲ್ಲ. ತಪ್ಪು ಕಣ್ಣೆದುರೇ ಆಗುತ್ತಿರುವಾಗ ಸುಮ್ಮನಿರುವುದಕ್ಕೆ ಅಭ್ಯಾಸ ಬೇಕು.

ಹತ್ತನೇ ತರಗತಿಯ ಎಷ್ಟೋ ತಪ್ಪುಗಳ ಬೇರು ಏಳನೇ ತರಗತಿಯಲ್ಲಿರುತ್ತದೆ. ಒಂದು ಉದಾಹರಣೆ ನೋಡಿ. ವರ್ಗ ಸಮೀಕರಣದ ಸಹಗುಣಕಗಳು 2, −5, 3. ಸೂತ್ರ ಹಾಕಿ ಬಿಡಿಸಬೇಕು. ಮಗು ಸೂತ್ರವನ್ನು ತಪ್ಪಿಲ್ಲದೆ ಬರೆಯುತ್ತದೆ. ಬಿ ಬೆಲೆ −5 ಅಂತಲೂ ಬರೆಯುತ್ತದೆ. ಆಮೇಲೆ ಬಿ ವರ್ಗದ ಜಾಗದಲ್ಲಿ −5² ಅಂತ ಆವರಣವಿಲ್ಲದೆ ಬರೆದು −25 ಅನ್ನುತ್ತದೆ. −25ರಲ್ಲಿ 24 ಕಳೆದರೆ −49. ವರ್ಗಮೂಲದೊಳಗೆ ಋಣಸಂಖ್ಯೆ ಬಂದಿದೆ, ಏನು ಮಾಡುವುದು? ಮೈನಸ್ ಅನ್ನು ಮೆಲ್ಲಗೆ ಕೈಬಿಟ್ಟು √49 = 7 ಅಂತ ಬರೆದು ಮುಂದೆ ಹೋಗುತ್ತದೆ. ಉತ್ತರ 3 ಮತ್ತು −1/2. ನಿಜವಾದ ಉತ್ತರ 3/2 ಮತ್ತು 1.

ಇಲ್ಲಿ ವರ್ಗ ಸಮೀಕರಣದ ಪಾಠ ಮತ್ತೆ ಮಾಡಿದರೆ ಏನೂ ಪ್ರಯೋಜನವಿಲ್ಲ. ಮಗುವಿಗೆ ಸೂತ್ರ ಗೊತ್ತಿದೆ. ಬೇಕಾಗಿರುವುದು ಎರಡು ಅಭ್ಯಾಸ. ಋಣಸಂಖ್ಯೆ ಹಾಕುವಾಗಲೆಲ್ಲ ಆವರಣ ಹಾಕಿ (−5)² ಅಂತ ಬರೆಯುವುದು ಒಂದು. ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ಸೊನ್ನೆ ಬರುತ್ತದಾ ಅಂತ ನೋಡುವುದು ಇನ್ನೊಂದು. 3 ಹಾಕಿದರೆ 18 − 15 + 3, ಅಂದರೆ 6. ಸೊನ್ನೆ ಬರಲಿಲ್ಲ. "ಹಾಗಾದ್ರೆ ಎಲ್ಲೋ ತಪ್ಪಿದೆ ಸರ್" ಅಂತ ಮಗುವೇ ಹೇಳುತ್ತದೆ. ಆ ಮಾತು ಅದರ ಬಾಯಲ್ಲಿ ಬರುವವರೆಗೆ ನೀವು ಕಾಯಬೇಕು.

ಮೊದಲ ದಿನದ ಲೆಕ್ಕಗಳಲ್ಲಿ ಋಣಸಂಖ್ಯೆ, ಭಿನ್ನರಾಶಿ, ಸಮೀಕರಣ ಮೂರೂ ಅಲುಗಾಡುತ್ತಿದ್ದರೆ ಮುಂದಿನ ಒಂದು ತಿಂಗಳು ಪ್ರತಿ ಕ್ಲಾಸಿನ ಮೊದಲ ಹತ್ತು ನಿಮಿಷ ಅದಕ್ಕೇ ಇಡಿ. ಇಡೀ ಕ್ಲಾಸನ್ನೇ ಅದಕ್ಕೆ ಕೊಡಬೇಡಿ. ಹತ್ತನೇ ಕ್ಲಾಸಿನವನಿಗೆ ಏಳನೇ ಕ್ಲಾಸಿನ ಪುಸ್ತಕ ಕೊಟ್ಟು ಕೂರಿಸಿದರೆ ಅವನ ಮಾನ ಹೋದಂತಾಗುತ್ತದೆ. ನಾಳೆಯಿಂದ ಅವನಿಗೆ ಹೊಟ್ಟೆನೋವು ಶುರುವಾಗುತ್ತದೆ.

3. ಪ್ರಶ್ನೆಪತ್ರಿಕೆಯ ರಚನೆ ತಿಳಿದುಕೊಳ್ಳಿ

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಗಣಿತದ 100ರಲ್ಲಿ 80 ಲಿಖಿತ, 20 ಆಂತರಿಕ. ಆಂತರಿಕದ್ದು ಶಾಲೆಯ ಕೈಯಲ್ಲಿದೆ. ನಿಮ್ಮ ಕೆಲಸ ಆ 80ರದ್ದು.

ಈಚಿನ ವರ್ಷಗಳಲ್ಲಿ ನಡೆದುಬಂದಿರುವ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆಗಳು. ಬಹು ಆಯ್ಕೆಯ 8 ಮತ್ತು ಒಂದು ಅಂಕದ ಇನ್ನೂ 8 ಪ್ರಶ್ನೆ ಸೇರಿ 16 ಅಂಕ. ಎರಡು ಅಂಕದ್ದು 8, ಮೂರು ಅಂಕದ್ದು 9, ನಾಲ್ಕು ಅಂಕದ್ದು 4, ಐದು ಅಂಕದ್ದು 1. ಸಮಯ ಒಟ್ಟು 3 ಗಂಟೆ 15 ನಿಮಿಷ, ಅದರಲ್ಲಿ 15 ನಿಮಿಷ ಪ್ರಶ್ನೆ ಓದುವುದಕ್ಕೆ. ಮಾದರಿ ಬದಲಾಗಬಹುದು. ಆ ವರ್ಷದ ಮಾದರಿ ಪ್ರಶ್ನೆಪತ್ರಿಕೆಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆಗಳು, ಕೀ ಉತ್ತರಗಳು ಕೂಡ ಅಲ್ಲೇ ಸಿಗುತ್ತವೆ. ಪಾಸಾಗಲು ಬೇಕಾದ ಕನಿಷ್ಠ ಅಂಕದ ನಿಯಮವೂ ಈಚೆಗೆ ಬದಲಾಗಿದೆ. ನಿಮ್ಮ ಕಾಲದ ಲೆಕ್ಕ ಹಿಡಿದುಕೊಂಡು ಕೂರದೆ ಆ ವರ್ಷದ ಸುತ್ತೋಲೆ ನೋಡಿ.

ಈಗ ಗುರಿ. ಇಲ್ಲೇ ಮನೆಪಾಠವನ್ನು ಮಗುವಿಗೆ ತಕ್ಕಂತೆ ಹೊಲಿಯಬೇಕಾಗಿರುವುದು. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಅಂಗಿ ಆಗುವುದಿಲ್ಲ, ಅಲ್ವಾ?

ಪಾಸಾಗುವುದೇ ಕಷ್ಟ ಅನ್ನುವ ಮಗುವಿಗೆ ಹಿಂದಿನ ತರಗತಿಗಳ ಸರಕು ಜಾಸ್ತಿ ಬೇಡದ ಪಾಠಗಳಿಂದ ಶುರು ಮಾಡಿ. ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ಸಂಭವನೀಯತೆ, ನಿರ್ದೇಶಾಂಕ ರೇಖಾಗಣಿತ. ಇವುಗಳಲ್ಲಿ ಲೆಕ್ಕದ ದಾರಿ ನೇರವಾಗಿದೆ. ಸೂತ್ರ ಬರೆಯುವುದು, ಬೆಲೆ ಹಾಕುವುದು, ಸರಳಗೊಳಿಸುವುದು. ಆಮೇಲೆ ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯಲ್ಲಿ ಬಿಡಿಸುವುದು. ಅದಕ್ಕೆ ಸಾಮಾನ್ಯವಾಗಿ ನಾಲ್ಕು ಅಂಕ. ಬೆಲೆಗಳ ಪಟ್ಟಿ, ಪ್ರಮಾಣ, ಎರಡು ರೇಖೆ, ಛೇದಿಸುವ ಬಿಂದು, ಎಲ್ಲಕ್ಕೂ ಬಿಡಿಬಿಡಿಯಾಗಿ ಅಂಕ ಸಿಗುತ್ತದೆ. ಜೊತೆಗೆ ಥೇಲ್ಸ್‌ನ ಪ್ರಮೇಯ ಮತ್ತು ಸ್ಪರ್ಶಕಗಳ ಪ್ರಮೇಯ.

ಐವತ್ತರ ಸುತ್ತ ಇರುವ ಮಗುವಿನ ಕಥೆ ಬೇರೆ. ಅದಕ್ಕೆ ಹೆಚ್ಚಿನದೆಲ್ಲ ಬರುತ್ತದೆ, ಆದರೆ ಯಾವುದೂ ಗಟ್ಟಿಯಿಲ್ಲ. ಪಾಠ ಪೂರ್ತಿ ಮತ್ತೆ ಹೇಳುವ ಬದಲು ಮೂರು ಅಂಕದ ಪ್ರಶ್ನೆಗಳ ಮೇಲೆ ಬಿಡದೆ ಕೆಲಸ ಮಾಡಿ. ಪತ್ರಿಕೆಯಲ್ಲಿ 27 ಅಂಕ ಇರುವುದು ಅಲ್ಲೇ.

ಎಪ್ಪತ್ತು ದಾಟಿದ ಮಗುವಿಗೆ ನಿಮ್ಮ ಅಗತ್ಯ ಕಡಿಮೆ. ಪ್ರಶ್ನೆಪತ್ರಿಕೆ ಕೊಡಿ, ಗಡಿಯಾರ ಇಡಿ, ತಿದ್ದಿ. ತ್ರಿಕೋನಮಿತಿಯ ಅನ್ವಯ, ಮಾತಿನಲ್ಲಿ ಕೊಟ್ಟ ವರ್ಗ ಸಮೀಕರಣದ ಸಮಸ್ಯೆ, ಶಂಕು ಮತ್ತು ಅರ್ಧಗೋಳ ಸೇರಿದ ಘನಫಲದ ಲೆಕ್ಕ, ಇಂಥವುಗಳಲ್ಲಿ ಮಾತ್ರ ತಡಕಾಡುತ್ತಿರುತ್ತದೆ.

ಶಾಲೆಗಳಲ್ಲಿ ಹಂಚುವ "ಪಾಸಿಂಗ್ ಪ್ಯಾಕೇಜ್", ಅಂದರೆ ಪಾಸಾಗಲು ಬೇಕಾದಷ್ಟು ಲೆಕ್ಕಗಳನ್ನು ಮಾತ್ರ ಆರಿಸಿಕೊಟ್ಟ ಪುಸ್ತಿಕೆ, ಅದರ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ಅದು ತುಂಬ ಉಪಯೋಗಕ್ಕೆ ಬರುತ್ತದೆ. ಆಗಸ್ಟ್‌ನಲ್ಲೇ ಅದನ್ನು ಹಿಡಿದರೆ ಮಗು ಪಾಠ ಕಲಿಯುವುದನ್ನೇ ಬಿಟ್ಟು ಹತ್ತು ಲೆಕ್ಕ ಬಾಯಿಪಾಠ ಮಾಡುತ್ತದೆ. ಅಂಕಿ ಬದಲಾದರೆ ಕತೆ ಮುಗೀತು.

4. ಒಂದು ಗಂಟೆ ಹೇಗೆ ಕಳೆಯಬೇಕು

ಬಂದ ಕೂಡಲೇ ಪುಸ್ತಕ ಮುಚ್ಚಿಸಿ. ಹಿಂದಿನ ಎರಡು ಮೂರು ಕ್ಲಾಸಿನಲ್ಲಿ ಮಾಡಿದ್ದರಿಂದ ನಾಲ್ಕು ಪ್ರಶ್ನೆ ಕೊಡಿ. ನೆನಪಿನಿಂದಲೇ ಬರೆಯಲಿ. ಬರದಿದ್ದರೆ ಖಾಲಿ ಬಿಡಲಿ. ಮಕ್ಕಳಿಗೆ ಇದು ಇಷ್ಟವಾಗುವುದಿಲ್ಲ, "ಒಂದ್ಸಲ ನೋಡ್ಕೊಂಡು ಬಿಡ್ತೀನಿ ಮಿಸ್" ಅಂತ ಗೋಗರೆಯುತ್ತಾರೆ. ಬಿಡಬೇಡಿ.

ಇದಕ್ಕೆ ಆಧಾರವಿದೆ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಬರಹ ಕೊಟ್ಟು, ಕೆಲವರಿಗೆ ಮತ್ತೆ ಓದಲು ಹೇಳಿದರು, ಕೆಲವರಿಗೆ ನೋಡದೆ ನೆನಪಿಸಿಕೊಂಡು ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಪರೀಕ್ಷೆ ಐದು ನಿಮಿಷ ಬಿಟ್ಟು ಬರುವುದಿಲ್ಲವಲ್ಲ.

ಆ ಹತ್ತು ನಿಮಿಷ ಆದಮೇಲೆ ಇಪ್ಪತ್ತು ನಿಮಿಷ ಒಂದೇ ಒಂದು ಹೊಸ ವಿಷಯ. ಒಂದು ಲೆಕ್ಕ ನೀವು ಮಾಡಿ ತೋರಿಸಿ, ಪ್ರತಿ ಹೆಜ್ಜೆಯಲ್ಲೂ "ಯಾಕೆ" ಅಂತ ಹೇಳುತ್ತ. ಎರಡನೆಯದನ್ನು ಇಬ್ಬರೂ ಸೇರಿ ಮಾಡಿ. ಮೂರನೆಯದರಿಂದ ಪೆನ್ನು ಮಗುವಿನ ಕೈಯಲ್ಲೇ ಇರಲಿ. ಉಳಿದ ಅರ್ಧ ಗಂಟೆ ಮಗುವಿನದು. ನೀವು ಎದುರಿಗೆ ಕೂರುವುದಕ್ಕಿಂತ ಪಕ್ಕದಲ್ಲಿ ಕೂತರೆ ಒಳ್ಳೆಯದು, ಬರೆಯುವುದು ನೇರವಾಗಿ ಕಾಣುತ್ತದೆ. ವಿಡಿಯೊ ಕಾಲ್ ಆದರೆ ಫೋನನ್ನು ಮುಖಕ್ಕೆ ಹಿಡಿಸಬೇಡಿ. ನಾಲ್ಕು ಪುಸ್ತಕ ಪೇರಿಸಿ ಅದರ ಮೇಲಿಟ್ಟು ಕ್ಯಾಮರಾ ನೋಟ್‌ಬುಕ್ ಕಡೆಗೆ ತಿರುಗಿಸಿ.

ಸಿಕ್ಕಿಹಾಕಿಕೊಂಡಾಗ ಉತ್ತರ ಹೇಳಿಬಿಡುವ ಚಪಲ ನಿಮಗೆ ಬರುತ್ತದೆ. ಪ್ರಶ್ನೆ ಕೇಳಿ. ಉದಾಹರಣೆಗೆ, 3, 8, 13 ಎಂಬ ಶ್ರೇಢಿಯ 20ನೇ ಪದ ಕೇಳಿದೆ. ಹುಡುಗಿ 3 + 20 × 5 = 103 ಅಂತ ಬರೆದಿದ್ದಾಳೆ. ಸೂತ್ರದಲ್ಲಿ "ಎನ್ ಮೈನಸ್ ಒಂದು" ಇದೆ, ಮರೆತೆಯಲ್ಲ ಅಂದರೆ ತಿದ್ದಿಕೊಳ್ಳುತ್ತಾಳೆ, ಮುಂದಿನ ವಾರ ಮತ್ತೆ ಮರೆಯುತ್ತಾಳೆ. ಹೀಗೆ ಹೋಗಿ ನೋಡಿ:

"ಎರಡನೇ ಪದ 8. ಅದಕ್ಕೆ 5ನ್ನು ಎಷ್ಟು ಸಲ ಕೂಡಿದೆ?"
"ಒಂದ್ಸಲ."
"ಮೂರನೇದಕ್ಕೆ?"
"ಎರಡು ಸಲ."
"ಹತ್ತನೇದಕ್ಕೆ?"
"ಹತ್ತು... ಅಲ್ಲ ಮಿಸ್, ಒಂಬತ್ತು."
"20ನೇದಕ್ಕೆ?"

ಅವಳೇ 19 ಅನ್ನುತ್ತಾಳೆ. 3 + 95, ಅಂದರೆ 98. ಇನ್ನು ಸೂತ್ರ ಮರೆತರೂ ಅವಳಿಗೆ ದಾರಿ ಗೊತ್ತು.

ತ್ರಿಕೋನಮಿತಿಯ ಬೆಲೆಗಳ ಪಟ್ಟಿಗೂ ಹೀಗೆಯೇ. 30, 45, 60 ಡಿಗ್ರಿಗಳ ಬೆಲೆ ಬಾಯಿಪಾಠ ಮಾಡಿಸುವುದು ಸರಿಯೇ, ಆದರೆ ಒಮ್ಮೆಯಾದರೂ ಬಾಹು 2 ಇರುವ ಸಮಬಾಹು ತ್ರಿಭುಜ ಬರೆಸಿ, ಮಧ್ಯಕ್ಕೆ ಲಂಬ ಎಳೆಸಿ. ಅರ್ಧದಲ್ಲಿ 1, 2, √3 ಸಿಗುತ್ತವೆ. ಸೈನ್ 30 ಯಾಕೆ 1/2 ಅನ್ನುವುದು ಕಣ್ಣಿಗೆ ಕಾಣುತ್ತದೆ. ಪರೀಕ್ಷೆಯಲ್ಲಿ ಗಾಬರಿಯಾಗಿ ಪಟ್ಟಿ ಮರೆತರೆ ಅಂಚಿನಲ್ಲಿ ಆ ಚಿತ್ರ ಬರೆದುಕೊಂಡರೆ ಆಯಿತು.

ಇನ್ನೊಂದು ಸಣ್ಣ ವಿಷಯ. ನೀವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದು, ಮಗು ಕನ್ನಡ ಮಾಧ್ಯಮದ್ದಾದರೆ ಅದರ ಪುಸ್ತಕದಲ್ಲಿರುವ ಪದಗಳನ್ನೇ ಬಳಸಿ. ಪಠ್ಯಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಹಿಂದಿನ ರಾತ್ರಿ ಒಮ್ಮೆ ಕಣ್ಣಾಡಿಸಿ ಕೂರಿ.

5. ಪ್ರಮೇಯ: ಬಾಯಿಪಾಠವನ್ನು ಪರೀಕ್ಷಿಸುವ ಒಂದು ಉಪಾಯ

ಪ್ರಮೇಯಗಳನ್ನು ಮಕ್ಕಳು ಪದ್ಯದ ಹಾಗೆ ಒಪ್ಪಿಸುತ್ತಾರೆ. ಎಲ್ಲ ಸರಿಯಿದೆ ಅನ್ನಿಸುತ್ತದೆ. ತ್ರಿಭುಜದ ಹೆಸರನ್ನು ಎಬಿಸಿ ಬದಲು ಪಿಕ್ಯೂಆರ್ ಮಾಡಿ, ಚಿತ್ರವನ್ನು ತಲೆಕೆಳಗಾಗಿ ಬರೆದು ಕೊಡಿ. ಅರ್ಧದಷ್ಟು ಮಕ್ಕಳು ಅಲ್ಲೇ ನಿಲ್ಲುತ್ತಾರೆ.

ಥೇಲ್ಸ್‌ನ ಪ್ರಮೇಯ ನೋಡಿ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ. ದತ್ತ, ಸಾಧನೀಯ, ರಚನೆ, ಸಾಧನೆ ಅಂತ ನಾಲ್ಕು ಭಾಗ, ಜೊತೆಗೆ ಚಿತ್ರ. ಸಾಧನೆಯ ಗಂಟು ಒಂದೇ ಕಡೆ ಇದೆ: ಒಂದೇ ಪಾದದ ಮೇಲೆ, ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ. ಇದು ಯಾಕೆ ನಿಜ ಅನ್ನುವುದು ಗೊತ್ತಿಲ್ಲದ ಮಗುವಿಗೆ ಉಳಿದದ್ದೆಲ್ಲ ಬರೀ ಅಕ್ಷರಗಳ ಸಾಲು.

ಗ್ರಾಫ್ ಹಾಳೆ ಕೊಡಿ. 6 ಸೆಂ.ಮೀ ಪಾದ ಎಳೆಸಿ. 4 ಸೆಂ.ಮೀ ಮೇಲೆ ಅದಕ್ಕೆ ಸಮಾಂತರವಾಗಿ ಒಂದು ಗೆರೆ. ಆ ಗೆರೆಯ ಮೇಲೆ ಎಲ್ಲಿ ಬೇಕಾದರೂ ತುದಿ ಇಟ್ಟು ಮೂರು ತ್ರಿಭುಜ ಬರೆಯಲಿ, ಒಂದು ನೆಟ್ಟಗೆ, ಎರಡು ವಾಲಿಕೊಂಡಂತೆ. ಮೂರರ ವಿಸ್ತೀರ್ಣವೂ 12 ಚದರ ಸೆಂ.ಮೀ. ಐದು ನಿಮಿಷದ ಕೆಲಸ. ಇದಾದಮೇಲೆ ಸಾಧನೆಯನ್ನು ಒಂದು ಸಲ ನಿಧಾನವಾಗಿ ಹೇಳಿದರೆ ಸಾಕು.

ಪ್ರಮೇಯ ಪೂರ್ತಿ ಬಾರದ ಮಗುವಿಗೂ ಚಿತ್ರ, ದತ್ತ, ಸಾಧನೀಯ ಬರೆಯುವ ಅಭ್ಯಾಸ ಮಾಡಿಸಿ. ಗಣಿತದಲ್ಲಿ ಹಂತಹಂತಕ್ಕೂ ಅಂಕ ಕೊಡುತ್ತಾರೆ. ಕೀ ಉತ್ತರದಲ್ಲಿ ಅರ್ಧ ಅಂಕ, ಒಂದು ಅಂಕ ಅಂತ ಪಕ್ಕದಲ್ಲಿ ನಮೂದಿಸಿರುವುದನ್ನು ಮಗುವಿಗೇ ತೋರಿಸಿ. ಖಾಲಿ ಬಿಡುವ ಚಾಳಿ ಅಷ್ಟರಿಂದಲೇ ಕಡಿಮೆಯಾಗುತ್ತದೆ.

6. ತಪ್ಪಿನ ಪುಸ್ತಕ

ನೂರು ಪುಟದ ಒಂದು ನೋಟ್‌ಬುಕ್. ಮಾಡಿದ ತಪ್ಪು ಲೆಕ್ಕ ಎಡಗಡೆ, ತಿದ್ದಿದ್ದು ಬಲಗಡೆ, ಕೆಳಗೆ ಮಗುವಿನ ಮಾತಿನಲ್ಲೇ ಒಂದು ಸಾಲು: "ವ್ಯಾಸ 14 ಕೊಟ್ಟಿದ್ದರು, ನಾನು ತ್ರಿಜ್ಯ ಅಂತ ಹಾಕಿದೆ." ನಿಮ್ಮ ಕೈಬರಹ ಅದರಲ್ಲಿ ಬೇಡ. ವಾರಕ್ಕೊಮ್ಮೆ ಅದೇ ಲೆಕ್ಕಗಳನ್ನು ಅಂಕಿ ಬದಲಿಸಿ ಕೊಡಿ. ಪರೀಕ್ಷೆಯ ಹಿಂದಿನ ದಿನ ಓದಲು ಗೈಡಿಗಿಂತ ಇದು ಒಳ್ಳೆಯದು.

7. ಜನವರಿಯಿಂದ ಗಡಿಯಾರ

ಡಿಸೆಂಬರ್ ಮುಗಿಯುವವರೆಗೆ ಪಾಠಗಳ ಪ್ರಕಾರ ಹೋಗಿ. ಜನವರಿ, ಫೆಬ್ರವರಿಯಲ್ಲಿ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಗಳು ಬರುತ್ತವೆ, ಮಾರ್ಚ್‌ನಲ್ಲಿ ಪರೀಕ್ಷೆ-1, ಅಂದರೆ ಎಸ್ಸೆಸ್ಸೆಲ್ಸಿಯ ಮೊದಲ ಮುಖ್ಯ ಪರೀಕ್ಷೆ. ಈ ಹೊತ್ತಿಗೆ ಲೆಕ್ಕಗಳನ್ನು ಕಲಸಿ ಕೊಡಬೇಕು. ಒಂದು ಶ್ರೇಢಿಯದ್ದು, ಮುಂದಿನದು ವೃತ್ತದ್ದು, ಅದರ ಮುಂದಿನದು ಮಧ್ಯಾಂಕದ್ದು. ಒಂದೇ ಪಾಠದ ಹತ್ತು ಲೆಕ್ಕ ಮಾಡುವಾಗ ಯಾವ ಸೂತ್ರ ಅಂತ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಪರೀಕ್ಷೆಯಲ್ಲಿ ಆ ಯೋಚನೆಯೇ ಮೊದಲ ಕೆಲಸ.

ವಾರಕ್ಕೊಂದು ಹಳೇ ಪ್ರಶ್ನೆಪತ್ರಿಕೆ ಪೂರ್ತಿಯಾಗಿ ಬರೆಯಲಿ. ಭಾನುವಾರ ಬೆಳಿಗ್ಗೆ, ಪರೀಕ್ಷೆಯ ಹೊತ್ತಿಗೇ, ಫೋನ್ ಇನ್ನೊಂದು ಕೋಣೆಯಲ್ಲಿಟ್ಟು. ಓದುವ 15 ನಿಮಿಷ ಬಿಟ್ಟರೆ 180 ನಿಮಿಷ, 80 ಅಂಕ. ಅಂಕಕ್ಕೆ ಎರಡೂಕಾಲು ನಿಮಿಷ. ನಾಲ್ಕು ಅಂಕದ ಲೆಕ್ಕಕ್ಕೆ ಒಂಬತ್ತು ನಿಮಿಷ ದಾಟಿತೋ, ಅಷ್ಟಕ್ಕೆ ಬಿಟ್ಟು ಜಾಗ ಉಳಿಸಿ ಮುಂದೆ ಹೋಗಬೇಕು. ಒಂದು ಅಂಕದ ಹದಿನಾರು ಪ್ರಶ್ನೆ ಇಪ್ಪತ್ತು ನಿಮಿಷದಲ್ಲಿ ಮುಗಿದರೆ ಉಳಿದ ಸಮಯ ದೊಡ್ಡ ಲೆಕ್ಕಗಳಿಗೆ ಸಿಗುತ್ತದೆ.

ಓದುವ 15 ನಿಮಿಷ ಸುಮ್ನೆ ಕೂರುವ ಸಮಯವಲ್ಲ. ಆಯ್ಕೆ ಇರುವ ಪ್ರಶ್ನೆಗಳಲ್ಲಿ ಯಾವುದು ತನ್ನದು ಅಂತ ಆಗಲೇ ನಿರ್ಧರಿಸಲಿ. "ಅಥವಾ" ಅಂತ ಇದ್ದ ಕಡೆ ಎರಡನ್ನೂ ಅರ್ಧರ್ಧ ಮಾಡಿ ಸಮಯ ಕಳೆದುಕೊಳ್ಳುವವರು ಬಹಳ.

ಬರೆದ ಪತ್ರಿಕೆಯನ್ನು ಮೊದಲು ಮಗುವೇ ಕೀ ಉತ್ತರ ಇಟ್ಟುಕೊಂಡು ತಿದ್ದಲಿ, ಆಮೇಲೆ ನೀವು. ಮಕ್ಕಳು ತಮಗೆ ತಾವು ಅಂಕ ಕೊಡುವಾಗ ನಮಗಿಂತ ಜಿಪುಣರು. ಆದರೆ ಏಕಮಾನ ಬಿಟ್ಟದ್ದು ಅವರ ಕಣ್ಣಿಗೇ ಬೀಳುವುದು ಆಗಲೇ.

2024ರಿಂದ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಇದೆ, ಅಂದರೆ ಕೋಣೆಯಲ್ಲಿ ನಡೆಯುವುದನ್ನು ಕ್ಯಾಮರಾ ಮೂಲಕ ದೂರದಿಂದಲೇ ನೋಡುತ್ತಾರೆ. ಅಕ್ಕಪಕ್ಕ ನೋಡುವುದು, ಯಾರೋ ಹೇಳಿಕೊಡುತ್ತಾರೆ ಅನ್ನುವ ನಂಬಿಕೆ ಎಲ್ಲ ಬಿಡಿಸಿ. ಕ್ಯಾಮರಾ ಇದೆ ಅಂತ ಹೆದರುವ ಮಗುವಿಗೆ, ಅದು ನಿನ್ನನ್ನಲ್ಲ ಕೋಣೆಯನ್ನು ನೋಡುತ್ತಿದೆ ಅಂತಲೂ ಹೇಳಿ.

8. ಮನೆಯವರೊಂದಿಗೆ

ಮನೆಪಾಠ ಕೆಡುವುದು ಸಾಮಾನ್ಯವಾಗಿ ಗಣಿತದಿಂದಲ್ಲ. ಫೀಸು, ದಿನ, ರಜೆ, ಎಲ್ಲವನ್ನೂ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಹಾಲ್‌ನಲ್ಲಿ, ಮನೆಯವರು ಓಡಾಡುವ ಕಡೆ ಕೂರಿ, ಬಾಗಿಲು ತೆರೆದಿರಲಿ. ಇದು ಮಗುವಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಟಿವಿ ಮಾತ್ರ ಆರಿಸಿರಬೇಕು. ಅದನ್ನು ನಯವಾಗಿ, ಆದರೆ ಖಂಡಿತವಾಗಿ ಹೇಳಿ.

ತಿಂಗಳಿಗೊಮ್ಮೆ ಪೋಷಕರಿಗೆ ಎರಡು ಮಾತು ಹೇಳಿ: ಏನು ಬಂದಿದೆ, ಇನ್ನು ಏನು ಬರಬೇಕು. ಮಗುವಿನ ಎದುರಿಗೇ ಹೇಳಿ, ಹಿಂದಿನಿಂದ ಬೇಡ. "ಚೆನ್ನಾಗಿ ಮಾಡ್ತಿದ್ದಾನೆ" ಅಂತ ಸುಮ್ನೆ ಹೇಳಬೇಡಿ. "ನಕ್ಷೆಯ ಲೆಕ್ಕ ಈಗ ತಾನೇ ಮಾಡ್ತಾನೆ, ಭಿನ್ನರಾಶಿ ಇನ್ನೂ ಕೈಕೊಡುತ್ತೆ" ಅಂದರೆ ಅವರಿಗೂ ಹಿಡಿತ ಸಿಗುತ್ತದೆ. ಮಗುವಿಗೆ ಮನೆಯಲ್ಲಿ ಕೂತು ಮಾಡಲು ಸಮಯ ಸಿಗುತ್ತಿದೆಯಾ ಅಂತ ವಿಚಾರಿಸಿ. ಸಂಜೆಯೆಲ್ಲ ತಮ್ಮನನ್ನು ನೋಡಿಕೊಳ್ಳುವ, ಪಾತ್ರೆ ತೊಳೆಯುವ ಹುಡುಗಿಗೆ ಹೋಮ್‌ವರ್ಕ್ ಜಾಸ್ತಿ ಕೊಟ್ಟು "ಮಾಡಿಲ್ಲ" ಅಂತ ಗದರಿದರೆ ಏನು ಉಪಯೋಗ? ಅವಳ ಕೆಲಸ ನಿಮ್ಮ ಎದುರಿಗೇ ಮುಗಿಯುವ ಹಾಗೆ ಕ್ಲಾಸನ್ನು ಬದಲಿಸಿಕೊಳ್ಳಿ, ಅಮ್ಮನ ಹತ್ತಿರವೂ ಮಾತಾಡಿ.

ಅಂಕಿಗಳನ್ನು ತಿರುಗಾಮುರುಗಾ ಬರೆಯುವುದು, ಪ್ರಶ್ನೆಯನ್ನು ಓದಲೇ ತುಂಬ ಕಷ್ಟಪಡುವುದು ತಿಂಗಳುಗಟ್ಟಲೆ ಕಂಡರೆ ಸೋಮಾರಿತನ ಅಂತ ತೀರ್ಮಾನಿಸಬೇಡಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯುವವರ ಸಹಾಯದಂಥ ಸೌಲಭ್ಯಗಳಿವೆ. ಅದಕ್ಕೆ ಪ್ರಮಾಣಪತ್ರ ಬೇಕು, ಶಾಲೆಯ ಮೂಲಕ ಅರ್ಜಿ ಹೋಗಬೇಕು. ಫೆಬ್ರವರಿಯಲ್ಲಿ ಓಡಾಡಿದರೆ ತಡವಾಗುತ್ತದೆ.

9. ಪರೀಕ್ಷೆಯ ವಾರ ಮತ್ತು ಆಮೇಲೆ

ಕೊನೆಯ ಮೂರು ದಿನ ಹೊಸದೇನೂ ಬೇಡ. ತಪ್ಪಿನ ಪುಸ್ತಕ, ಸೂತ್ರಗಳ ಹಾಳೆ, ಒಂದು ನಕ್ಷೆ, ಎರಡು ಪ್ರಮೇಯ. ಜಾಮಿಟ್ರಿ ಬಾಕ್ಸಿನಲ್ಲಿ ಪೆನ್ಸಿಲ್ ಚೂಪಾಗಿದೆಯಾ, ಸ್ಕೇಲ್ ಮುರಿದಿಲ್ಲವಾ, ಕೈವಾರದ ತಿರುಪು ಸಡಿಲವಾಗಿಲ್ಲವಾ ನೋಡಿ. ಪ್ರವೇಶಪತ್ರದ ಒಂದು ಜೆರಾಕ್ಸ್ ಮನೆಯಲ್ಲಿರಲಿ.

ಗಣಿತ ಮುಗಿದ ದಿನ ಮಧ್ಯಾಹ್ನವೇ ಫೋನ್ ಮಾಡಿ "12ನೇದಕ್ಕೆ ಏನು ಬರೆದೆ?" ಅಂತ ಕೇಳಬೇಡಿ. ಇನ್ನೂ ಬೇರೆ ವಿಷಯಗಳಿವೆ. ಪ್ರಶ್ನೆಪತ್ರಿಕೆ ಎತ್ತಿಡಲು ಮಾತ್ರ ಹೇಳಿ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪರೀಕ್ಷೆ-1ರಲ್ಲಿ ಹೋದರೂ, ಬಂದ ಅಂಕ ಸಾಲದು ಅನ್ನಿಸಿದರೂ ಪರೀಕ್ಷೆ-2 ಬರೆಯಬಹುದು. ಒಳ್ಳೆಯ ಅಂಕವೇ ಉಳಿಯುತ್ತದೆ. ಇದನ್ನು ಮಗುವಿಗೆ ಯಾವಾಗ ಹೇಳಬೇಕು ಅನ್ನುವುದರಲ್ಲಿ ಜಾಣತನ ಬೇಕು. ಹೆದರಿ ನಿದ್ದೆಗೆಟ್ಟ ಮಗುವಿಗೆ ಫೆಬ್ರವರಿಯಲ್ಲೇ ಹೇಳಿ. "ಇನ್ನೂ ಚಾನ್ಸ್ ಇದೆಯಲ್ಲ" ಅಂತ ಆರಾಮಾಗಿ ಓಡಾಡುವವನಿಗೆ ನೆನಪಿಸಲೂ ಹೋಗಬೇಡಿ.

ಪರೀಕ್ಷೆ-2 ಬರೆಯಬೇಕಾಗಿ ಬಂದರೆ ಫಲಿತಾಂಶದ ದಿನವೇ ಮುಖ್ಯಶಿಕ್ಷಕರನ್ನು ಕಂಡು ನೋಂದಣಿಯ ಕೊನೆ ದಿನಾಂಕ ಕೇಳಿಕೊಂಡು ಬರಲು ಪೋಷಕರಿಗೆ ಹೇಳಿ. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ನಡುವೆ ಸಿಗುವುದು ಕೆಲವೇ ವಾರ. ಆಗ ಇಡೀ ಪುಸ್ತಕ ತೆರೆಯಬೇಡಿ. ಒಂದು ಅಂಕದ ಪ್ರಶ್ನೆಗಳು, ನಕ್ಷೆ, ಮತ್ತು ಮಗು ತಾನೇ "ಇದು ನನಗೆ ಸ್ವಲ್ಪ ಬರುತ್ತೆ" ಅನ್ನುವ ಎರಡು ಪಾಠ. ವಾರಕ್ಕೆ ಮೂರು ದಿನದ ಬದಲು ದಿನಾ ಮುಕ್ಕಾಲು ಗಂಟೆ ಕೂರಿಸಿಕೊಳ್ಳಿ.